ಬುಟ್ಟಿಯ ಮೇಲಿನ ಕಲ್ಲು

ಪಕ್ಕದ ಮನೆಯವರು ಹೋದ ತಿಂಗಳು ಮಾಳಿಗೆಗೆ ಸ್ಲ್ಯಾಬ್ ಹಾಕಿಸಿದರು. ಮರುದಿನದಿಂದ ಅದರ ಮೇಲೆ ಗೋಣಿಚೀಲ ಹಾಸಿ ನೀರು ಹೊಡೆಯತೊಡಗಿದರು. ಒದ್ದೆ ಗೋಣಿ, ಹಸಿ ಸಿಮೆಂಟು, ಮೇಲೆ ಬಿಸಿಲು... ಇವು ಕೂಡಿದಾಗ ಒಂದು ವಾಸನೆ ಏಳುತ್ತದೆ. ಬೇರೆಯವರಿಗೆ ಅದು ಹೊಸ ಮನೆಯ ವಾಸನೆ. ನನಗೆ ಮಾತ್ರ ಅದರ ಹಿಂದೆ, ಅಲ್ಲಿ ಇಲ್ಲದ ಹುಳಿ ಮಜ್ಜಿಗೆಯ ನಾತವೂ ಬರುತ್ತದೆ. ನಾನು ಎದ್ದು ಕಿಟಕಿ ಮುಚ್ಚಿದೆ. ಸೊಸೆ ಬಂದು ತೆಗೆದಳು.

"ಇಷ್ಟ ಸೆಕಿ ಐತಿ, ಯಾಕ ಮುಚ್ಚತೀರಿ ಮಾವಾರ?"

ಏನು ಹೇಳಲಿ? ಅರವತ್ತು ವರ್ಷ ಯಾರಿಗೂ ಹೇಳಿಲ್ಲ. ಹೇಳಬೇಕಾಗಿದ್ದವರು ಒಬ್ಬೊಬ್ಬರಾಗಿ ಹೋಗಿಬಿಟ್ಟರು. ಹೋದ ವರ್ಷ ನನ್ನ ಹೆಂಡತಿಯೂ ಹೋದಳು. ಇನ್ನು ಕಾಗದವೇ ಗತಿ.

ಇದು ಒಬ್ಬ ಗೌಂಡಿಯ ವಿಷಯ. ಕಲ್ಲು, ಇಟ್ಟಂಗಿ, ಗಾರೆಯ ಕೆಲಸದವರನ್ನು ನಮ್ಮ ಕಡೆ ಗೌಂಡಿ ಎನ್ನುತ್ತಾರೆ. ಇವರು ಧಾರವಾಡದ ಹತ್ತಿರದ ಹೆಬ್ಬಳ್ಳಿಯ ಮುಸಲ್ಮಾನರು. ನಾನು ಅವರನ್ನು ಗೌಂಡಿ ಕಾಕಾ ಎನ್ನುತ್ತಿದ್ದೆ. ಹೆಸರು ನೆನಪಿದೆ, ಆದರೆ ಬರೆಯುವುದಿಲ್ಲ. ಒಮ್ಮೆ ಆ ಹೆಸರಿಗೆ ಮಸಿ ಬಳಿದವನು ನಾನೇ.

ಆಗ ನನಗೆ ಇಪ್ಪತ್ತೂ ತುಂಬಿರಲಿಲ್ಲ. ಸ್ವಾತಂತ್ರ್ಯ ಬರಲು ಇನ್ನೂ ಇಪ್ಪತ್ತು ವರ್ಷಗಳಿಗೂ ಹೆಚ್ಚು ಬಾಕಿ ಇದ್ದ ಕಾಲ. ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ, ಹುಬ್ಬಳ್ಳಿಯಲ್ಲಿ ಸೋದರಮಾವನ ಹತ್ತಿ ಅಂಗಡಿಗೆ ಸೇರಿದ್ದೆ. ತಂದೆ ಇರಲಿಲ್ಲವಾದ್ದರಿಂದ ಮಾವನೇ ನಮಗೆ ದಿಕ್ಕು. ಅವರ ಮಗಳು ತೊಟ್ಟಿಲಲ್ಲಿದ್ದಾಗಲೇ ಅವಳನ್ನು ನನಗೆ ಕೊಡುವುದೆಂದು ಹಿರಿಯರು ಮಾತಾಡಿಕೊಂಡಿದ್ದರು. ಮಾವನ ಮನಸ್ಸು ತಿರುಗಿದರೆ ಆ ಮಾತೂ ಇಲ್ಲ, ಅಂಗಡಿಯೂ ಇಲ್ಲ. ಸುಳ್ಳ ಎಂಬ ಹಳ್ಳಿಯಲ್ಲಿದ್ದ ನಮ್ಮ ತುಂಡು ಹೊಲಕ್ಕೆ ನಾನು ಮರಳಬೇಕಾಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದೆಲ್ಲ ಈ ಅಂಜಿಕೆಯಿಂದಲೇ ಹುಟ್ಟಿತು.

ಬೆಂಗೇರಿಯ ಹತ್ತಿರ ಮಾವ ಒಂದು ತೋಟ ಮಾಡಿಸುತ್ತಿದ್ದರು. ಹತ್ತಿಯ ವ್ಯವಹಾರಕ್ಕೆ ಮುಂಬಯಿಗೆ ಹೋದಾಗ ಯಾವುದೋ ಬಂಗಲೆಯಲ್ಲಿ ಅವರೊಂದು ಕೊಳ ನೋಡಿ ಬಂದಿದ್ದರು. ಸುತ್ತ ಬಂಡೆಗಳು, ನಡುವೆ ಒಂದು ಕಟ್ಟೆ, ಕಟ್ಟೆಗೆ ಹೋಗಲು ನೀರಿನಲ್ಲಿ ಒಂದೊಂದೇ ಹೆಜ್ಜೆಗಲ್ಲು. ಅಂಥದೇ ತಮಗೂ ಬೇಕು, ಶ್ರಾವಣ ಸೋಮವಾರ ತಮ್ಮ ತಾಯಿ ಆ ಕಟ್ಟೆಯ ಮೇಲೆ ಕುಳಿತು ಲಿಂಗಪೂಜೆ ಮಾಡಿಕೊಳ್ಳಬೇಕು ಎಂದು ಅವರ ಆಸೆ. ಅವರ ತಾಯಿ ಎಂದರೆ ನನ್ನ ಆಯಿ, ತಾಯಿಯ ತಾಯಿ. ಆದರೆ ಹುಬ್ಬಳ್ಳಿಯ ಸುತ್ತ ಇರುವುದು ಎರೆಮಣ್ಣು. ಎಷ್ಟು ಅಗೆದರೂ ಮುಷ್ಟಿಯಷ್ಟು ಕಲ್ಲು ಸಿಗುವುದಿಲ್ಲ. ಹಾಗಾಗಿ ಮುಂಬಯಿಯಲ್ಲಿ ಕೆಲಸ ಮಾಡಿ ಬಂದಿದ್ದ ಗೌಂಡಿ ಕಾಕಾನನ್ನು ಕರೆಸಿದರು. ಅವರು ಕಲ್ಲು ಕಟ್ಟಲು ಬಂದವರಲ್ಲ, ಕಲ್ಲನ್ನೇ ಮಾಡಲು ಬಂದವರು.

ತೋಟದ ಛಪ್ಪರದ ಕೆಳಗೆ ಆ ಬೇಸಗೆಯಿಡೀ ಕಲ್ಲು ಮಾಡಿದೆವು. ಸಿಮೆಂಟು ಆಗ ಹೊಸ ಸಾಮಾನು, ಪೀಪಾಯಿಯಲ್ಲಿ ಬರುತ್ತಿತ್ತು. ಕಾಕಾ ಮಾಡುತ್ತಿದ್ದ ಕಲ್ಲುಗಳಲ್ಲಿ ಎರಡು ಜಾತಿ. ಒಂದು ಕಣ್ಣಿಗೆ, ಒಂದು ಕಾಲಿಗೆ. ಸುತ್ತಲಿನ ಬಂಡೆಗಳಿಗೆ ಸಂತೆಯ ಹಳೆಯ ಬಿದಿರು ಬುಟ್ಟಿಗಳನ್ನು ಬೋರಲು ಹಾಕಿ, ಅದರ ಮೇಲೆ ಸಿಮೆಂಟಿನ ನೀರಲ್ಲಿ ಅದ್ದಿದ ಗೋಣಿ ಸುತ್ತಿ, ರೈಲಿನ ಎಂಜಿನ್ನು ಚೆಲ್ಲಿದ ಕಲ್ಲಿದ್ದಲ ಕಿಟ್ಟವನ್ನು ಕುಟ್ಟಿ ಕಲಸಿ ಮೆತ್ತುತ್ತಿದ್ದರು. ಹಸಿ ಇರುವಾಗಲೇ ಕಸಬರಿಗೆಯಿಂದ ಬಡಿಯುತ್ತಿದ್ದರು. ಒಣಗಿದ ಮೇಲೆ ನೋಡಿದರೆ ಗುಡ್ಡದಿಂದ ಉರುಳಿ ಬಂದ ಬಂಡೆ! ಬೆರಳಿನಿಂದ ತಟ್ಟಿದರೆ ಮಾತ್ರ ಟೊಳ್ಳು ಸದ್ದು.

ಹೆಜ್ಜೆಗಲ್ಲಿನ ರೀತಿ ಬೇರೆ. ನೆಲದಲ್ಲಿ ಗುಂಡಿ ತೋಡಿ, ಒಳಗೆ ಮುದ್ದೆ ಮಾಡಿದ ಗೋಣಿ ಹಾಸಿ, ಖಡಿ ಎಂಬ ಜಲ್ಲಿಕಲ್ಲು, ಮರಳು, ಸಿಮೆಂಟು ತುಂಬಿ, ಧಮ್ಮಸಿನಿಂದ ಬಡಿದು ಗಟ್ಟಿ ಮಾಡುತ್ತಿದ್ದರು. ಗೋಣಿಯ ಸುಕ್ಕುಗಳೇ ಕಲ್ಲಿನ ಸುಕ್ಕುಗಳಾಗುತ್ತಿದ್ದವು. ಕಲ್ಲನ್ನು ಆಮೇಲೆ ತಿರುವಿ ಇಡುತ್ತಿದ್ದುದರಿಂದ ಗುಂಡಿಯ ತಳ ಅದರ ಮುಖವಾಗುತ್ತಿತ್ತು, ಮೇಲೆ ಇದ್ದದ್ದು ಬುಡವಾಗುತ್ತಿತ್ತು. ತುಂಬಿದ ಕೂಡಲೇ ಕಾಕಾ ತಮ್ಮ ಬಲಗೈಯನ್ನು ನೀರಲ್ಲಿ ಅದ್ದಿ, ಆ ಹಸಿ ಬುಡದ ಮೇಲೆ ಅಗಲವಾಗಿ ಒತ್ತುತ್ತಿದ್ದರು. ಐದೂ ಬೆರಳು ಮೂಡುತ್ತಿದ್ದವು. ಪ್ರತಿ ಕಲ್ಲಿಗೂ ಹೀಗೇ. ಕೈ ತೊಳೆಯಲು ತಂಬಿಗೆಯಿಂದ ನೀರು ಹಾಕುತ್ತಿದ್ದವನು ನಾನು. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು... ನೀರು ಹಾಕುತ್ತಿದ್ದವನು ನಾನು.

"ಬುಡಕ್ಕ ಯಾರ ನೋಡತಾರ ಕಾಕಾ?" ಎಂದು ಕೇಳಿದ್ದೆ.

"ನೋಡಾಕಲ್ರಿ ಸಣ್ಣ ಸಾವಕಾರ್ರ. ಕಾಲು ಇಡೋರ ಭಾರ ಯಾರರ ಹಿಡೀಬೇಕಲ್ಲ ಕೆಳಗ? ಅದಕ್ಕ ಕೈ ಕೊಟ್ಟಿರತೇನಿ." ನಾನಿನ್ನೂ ಏನೂ ಅಲ್ಲದಿದ್ದರೂ ಸಣ್ಣ ಸಾವಕಾರ್ರು ಎಂದು ಕರೆದು ನನ್ನನ್ನು ಛೇಡಿಸುವುದು ಅವರ ರೂಢಿ. ಮೊಹರಂನಲ್ಲಿ ಅವರು ಹೆಬ್ಬಳ್ಳಿಯ ಪಂಜಾ ಹಿಡಿಯುವವರು. ಆ ಲೋಹದ ಹಸ್ತವನ್ನು ಎತ್ತಿಕೊಂಡು ಮೆರೆಯುವುದು ಅವರ ಮನೆತನಕ್ಕೆ ಬಂದದ್ದು. ಕೈಯ ಮೇಲೆ ಅವರಿಗಿದ್ದ ನಂಬಿಗೆ ಅಲ್ಲಿಂದಲೇ ಬಂದಿರಬೇಕು.

ಕಲ್ಲುಗಳು ಗಟ್ಟಿಯಾದ ಮೇಲೆ ಮಜ್ಜಿಗೆ ಕುಡಿಸುವುದು ಕೊನೆಯ ಕೆಲಸ. ಹುಳಿ ಮಜ್ಜಿಗೆಯಲ್ಲಿ ಸಗಣಿ ಕಲಸಿ ಬಳಿದು ನೆರಳಲ್ಲಿ ಇಟ್ಟರೆ ಪಾಚಿ ಹಿಡಿದು ಹಸಿರಾಗುತ್ತಿತ್ತು. ಮಜ್ಜಿಗೆ ಕೊಡುತ್ತಿದ್ದವಳು ಆಯಿ. ಕೋಲೂರಿಕೊಂಡು ಬಂದು ಛಪ್ಪರದಲ್ಲಿ ಕೂಡುತ್ತಿದ್ದಳು.

"ಏ ಗೌಂಡಿ, ನಮ್ಮ ಮನಿ ಮೊಮ್ಮಕ್ಕಳಿಗೂ ಇಷ್ಟ ಮಜ್ಜಿಗಿ ಕುಡಿಸಿಲ್ಲೋ ನಾ. ದೇವರು ಮಾಡಿದ ಕಲ್ಲು ಸಾಲಲಿಲ್ಲೇನು ನಿನಗ?"

"ದೇವರು ಹುಬ್ಬಳ್ಳ್ಯಾಗ ಎರಿಮಣ್ಣು ಹಾಕಿ, ಕಲ್ಲು ಹಾಕೂದು ಮರ್ತಾನ್ರಿ ಅವ್ವಾರ. ನಾ ಅಂವನ ಬಾಕಿ ಕೆಲಸ ಮುಗಸಾಕತ್ತೇನಿ."

"ಹಂಗಾರ ನನ್ನ ಹಲ್ಲೂ ಮಾಡಿ ಕೂಡಸೋ ಮಾರಾಯಾ, ಅವನ್ನೂ ಮರ್ತಾನ."

ಅವರಿಬ್ಬರ ನಗು ಈಗಲೂ ಕಿವಿಯಲ್ಲಿದೆ...

ಆ ವರ್ಷ ಶ್ರಾವಣವೂ ಮೊಹರಮ್ಮೂ ಜೊತೆಯಾಗಿ ಬಂದವು. ಚಂದ್ರ ಕಂಡ ದಿನ ಕಾಕಾ ಊರಿಗೆ ಹೊರಟರು. ಆಯಿ ಸೆರಗಿನ ತುದಿಯಲ್ಲಿ ಕಟ್ಟಿದ್ದ ಸಕ್ಕರೆಯನ್ನು ಅವರ ಕೈಗೆ ಕೊಟ್ಟು, "ನನ್ನ ಹೆಸರಲೆ ಓದಿಸಿಕೊಂಡು ಬಾ" ಎಂದಳು. ನಮ್ಮ ಕಡೆ ಲಿಂಗವಂತರ ಮನೆಗಳಿಂದಲೂ ಪಂಜಾಕ್ಕೆ ಸಕ್ಕರೆ ಹೋಗುತ್ತದೆ, ಅದರ ಮುಂದೆ ಪ್ರಾರ್ಥನೆ ಓದಿಸಿದ ಮೇಲೆ ಪ್ರಸಾದವಾಗಿ ಮರಳುತ್ತದೆ, ಅದರಲ್ಲಿ ವಿಶೇಷವಿಲ್ಲ. ಕೊಳಕ್ಕೆ ನೀರು ಬಿಟ್ಟಾಗಿತ್ತು, ಹೆಜ್ಜೆಗಲ್ಲುಗಳೆಲ್ಲ ಕೂತಿದ್ದವು. ಕಟ್ಟೆಯ ಪಕ್ಕದ ಕೊನೆಯ ಕಲ್ಲು ಮಾತ್ರ ಇನ್ನೂ ಗುಂಡಿಯಲ್ಲೇ ಇತ್ತು.

"ಇದಕ್ಕ ದಿನಾ ನೀರು ಉಣಸ್ರಿ. ನಾ ಬರೂತನಕ ಎತ್ತಬ್ಯಾಡ್ರಿ. ದೇವರು ಹೊಳಿಗೆ ಹೋದ ಮರುದಿನ ಬರತೇನಿ, ನಾನ ಕೂಡಸತೇನಿ." ಇಷ್ಟು ಹೇಳಿ ಹೋದರು. ಹಬ್ಬದ ಕೊನೆಯ ದಿನ ಪಂಜಾಗಳನ್ನು ಹೊಳೆಗೆ ಒಯ್ಯುವುದಕ್ಕೆ ದೇವರು ಹೊಳೆಗೆ ಹೋಗುವುದು ಎನ್ನುತ್ತಾರೆ.

ಆದರೆ ಆ ಹಬ್ಬ ಮುಗಿಯುವುದಕ್ಕೆ ಮೊದಲೇ ಒಂದು ಸೋಮವಾರ ಬರುತ್ತಿತ್ತು. ಅಂದೇ ಆಯಿಯ ಪೂಜೆ ಆಗಬೇಕೆಂದು ಮಾವ ಮಠದ ಅಯ್ಯನವರಿಗೆ ಹೇಳಿ ಮುಂಬಯಿಗೆ ಹೋಗಿದ್ದರು. ಕೊಳ ಪೂರ್ತಿ ಆಗಿದ್ದನ್ನು ಬಂದ ಕೂಡಲೇ ತೋರಿಸಿ ಶಹಬ್ಬಾಸ್ ಅನಿಸಿಕೊಳ್ಳಬೇಕೆಂದು ನನಗೂ ಹುಮ್ಮಸ್ಸು. ಕಲ್ಲು ಗಟ್ಟಿಯಾಗಿದೆ ಎಂದು ನಾನೇ ಅಂದುಕೊಂಡು, ಇಬ್ಬರು ಆಳುಗಳನ್ನು ಹಚ್ಚಿ ಎತ್ತಿಸಿದೆ. ಗುಂಡಿಯ ಅಂಚಿಗೆ ಬರುವಷ್ಟರಲ್ಲಿ ಅದು ನಡುವೆ ಸೀಳಿ ಎರಡಾಯಿತು. ಸೀಳು ಕಾಕಾನ ಅಂಗೈಯ ನಡುವೆಯೇ ಹಾದುಹೋಗಿತ್ತು.

ಅಂದೇ ಒಬ್ಬನನ್ನು ಹೆಬ್ಬಳ್ಳಿಗೆ ಓಡಿಸಿ ಕೇಳಬಹುದಿತ್ತು. ಪೂಜೆಯನ್ನು ಮುಂದಿನ ಸೋಮವಾರಕ್ಕೆ ಹಾಕಿಸಬಹುದಿತ್ತು. ಆಯಿಗೆ ಹೇಳಿದ್ದರೆ ಅವಳೇ ನಕ್ಕು "ಆಗಲಿ ಬಿಡೋ" ಎನ್ನುತ್ತಿದ್ದಳು. ಆದರೆ ಮಾವ ಹೇಳಿದ್ದನ್ನು ಮಾಡಲಾಗದವನು ಎನಿಸಿಕೊಳ್ಳಲು ನಾನು ತಯಾರಿರಲಿಲ್ಲ. ಎರಡೂ ಹೋಳುಗಳನ್ನು ಆಳುಗಳ ಕೈಯಿಂದಲೇ ತಿಪ್ಪೆಯ ಗುಂಡಿಗೆ ಹಾಕಿಸಿದೆ. "ಗೌಂಡಿ ಇನ್ನೊಂದು ಮಾಡಿಟ್ಟಾನ" ಎಂದು ಅವರಿಗೆ ಹೇಳಿದೆ. ಶನಿವಾರ ಅವರು ಹುಬ್ಬಳ್ಳಿ ಸಂತೆಗೆ ಹೋದಾಗ ಒಬ್ಬನೇ ಕುಳಿತು ಕಲ್ಲು ಮಾಡಿದೆ.

ಗಟ್ಟಿಕಲ್ಲು ಮಾಡಿದರೆ ಸೋಮವಾರಕ್ಕೆ ಆಗುತ್ತಿರಲಿಲ್ಲ. ಆದ್ದರಿಂದ ಬುಟ್ಟಿ ಬೋರಲು ಹಾಕಿದೆ. ಗೋಣಿ ಸುತ್ತಿ, ಮೆತ್ತಿ, ನೆತ್ತಿಯನ್ನು ಸಪಾಟು ಮಾಡಿ, ಬೇಗ ಒಣಗಲೆಂದು ಪಕ್ಕದಲ್ಲಿ ಕುಳ್ಳಿನ ಬೆಂಕಿ ಮಾಡಿದೆ. ಮೇಲೆ ಮಜ್ಜಿಗೆ, ಸಗಣಿ ಬಳಿದೆ. ಉಳಿದ ಕಲ್ಲುಗಳ ಜೊತೆ ಇಟ್ಟಾಗ ಗುರುತೇ ಸಿಗಲಿಲ್ಲ. ನನಗೆ ಹೆಮ್ಮೆಯೂ ಆಯಿತು. ಕಾಲಿನ ಜಾಗದಲ್ಲಿ ಕಣ್ಣಿನ ಕಲ್ಲು ಇಡುತ್ತಿದ್ದೇನೆ ಎಂದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆಯಿ ಹಿಂಜಿದ ಹತ್ತಿಯಷ್ಟು ಹಗುರ, ಒಂದು ದಿನದ ಮಟ್ಟಿಗೆ ನಡೆದೀತು, ಕಾಕಾ ಬಂದ ಮೇಲೆ ಬದಲಿಸಿದರಾಯಿತು ಎಂದು ಲೆಕ್ಕ ಹಾಕಿದ್ದೆ.

ಸೋಮವಾರ ಬೆಳಿಗ್ಗೆ ಮಡಿಯುಟ್ಟು, ಕೈಯಲ್ಲಿ ಬಿಲ್ವಪತ್ರೆಯ ಬಟ್ಟಲು ಹಿಡಿದು ಆಯಿ ಕೊಳಕ್ಕೆ ಇಳಿದಳು. ಹಿಂದಿನ ರಾತ್ರಿಯಷ್ಟೇ ಮುಂಬಯಿಯಿಂದ ಬಂದಿದ್ದ ಮಾವ ಕೈ ಹಿಡಿಯಲು ಹೋದರೆ, "ಬಿಡೋ, ಗೌಂಡಿ ಕಲ್ಲು ಗಟ್ಟಿ ಅದಾವ" ಎಂದಳು. ಒಂದೊಂದೇ ಕಲ್ಲು ದಾಟಿದಳು. ಕೊನೆಯ ಕಲ್ಲಿನ ಮೇಲೆ ನಿಂತು, ನಾನು ದಡದಲ್ಲಿದ್ದೇನೆಯೇ ಎಂದು ತಿರುಗಿ ನೋಡಿ ನಕ್ಕಳು. ಆ ತಿರುಗುವಿಕೆಗೆ ಬುಟ್ಟಿ ಕುಸಿಯಿತು. ಒಂದು ಕಾಲು ಮೊಣಕಾಲಿನವರೆಗೆ ಕಲ್ಲಿನೊಳಗೆ ಹೋಯಿತು, ಮೈ ಮಾತ್ರ ಪಕ್ಕಕ್ಕೆ ಬಿತ್ತು. ನೀರು ಮೊಣಕಾಲುದ್ದವೂ ಇರಲಿಲ್ಲ. ಬಿಲ್ವಪತ್ರೆ ತೇಲುತ್ತಿದ್ದವು. ಆಮೇಲಿನ ಆ ಕೂಗು...

ತೊಡೆಯ ಸಂದಿನ ಎಲುಬು ಮುರಿದಿತ್ತು. ಆ ವಯಸ್ಸಿಗೆ ಅದು ಕೂಡುವುದಿಲ್ಲವೆಂದು ವೈದ್ಯರು ಅಂದೇ ಹೇಳಿದರು.

ಮಾವ ಹೆಬ್ಬಳ್ಳಿಗೆ ಆಳು ಕಳಿಸಿದರು. ಕಾಕಾ ಬರಲಿಲ್ಲ. ಪಂಜಾ ಹಿಡಿದವರು ದೇವರು ಹೊಳೆಗೆ ಹೋಗುವವರೆಗೆ ಊರ ಸೀಮೆ ದಾಟುವಂತಿಲ್ಲ. ಅವರ ಮನೆತನಕ್ಕೆ ಅದು ಕಟ್ಟುಪಾಡು. ಆಳು ಬಂದು ಹೇಳಿದ್ದು ಮಾತ್ರ "ಬರೂದಿಲ್ಲ ಅಂದ್ರಿ" ಎಂದು. ಮಾವ ಹಲ್ಲು ಕಡಿದರು. "ತಪ್ಪು ಮಾಡಿದಾಂವ ಹೆಂಗ ಬಂದಾನು?" ಎಂದರು. ಕಟ್ಟುಪಾಡಿನ ವಿಷಯ ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಹಬ್ಬ ಮುಗಿದ ಮರುದಿನ, ತಾವು ಹೇಳಿದ್ದಂತೆಯೇ ಕಾಕಾ ಬಂದರು. ಪಂಜಾ ಎತ್ತಿ ಎತ್ತಿ ಭುಜ ಕಂದಿತ್ತು, ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಆಯಿಯ ಸಕ್ಕರೆಯ ಗಂಟು. ತೋಟದಲ್ಲಿ ಮಾವ, ನಾನು, ಅಂಗಡಿಯ ನಾಲ್ಕಾರು ಹಮಾಲರು. ಕಾಕಾ ಒಡೆದ ಕಲ್ಲಿನ ಹತ್ತಿರ ನೀರಲ್ಲಿ ಇಳಿದು, ಕುಸಿದ ಜಾಗದಲ್ಲಿ ಕೈ ಹಾಕಿ, ಬಿದಿರಿನ ಒಂದು ಸಿಬಿರು ಎಳೆದು ತೆಗೆದರು.

"ಇದು ಬುಟ್ಟಿಕಲ್ಲು ಧಣ್ಯಾರ. ನಾ ಮಾಡಿದ್ದಲ್ಲ. ಕಾಲಿಡೂ ಜಾಗಾಕ್ಕ ನಾ ಬುಟ್ಟಿ ಇಡತೇನೇನ್ರಿ?"

"ನೀ ಇಡಲಿಲ್ಲಂದ್ರ ದೆವ್ವ ಇಟ್ಟತೇನು?" ಮಾವ ಕೇಳಿದರು.

"ನನ್ನ ಕಲ್ಲಿನ ಬುಡಕ್ಕ ನನ್ನ ಕೈ ಇರತೈತ್ರಿ. ಯಾವದರ ಒಂದು ತಿರುವಿ ನೋಡ್ರಿ. ಇದಕ್ಕಿಲ್ಲ, ನೋಡ್ರಿ ಇಲ್ಲಿ." ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅಷ್ಟರಲ್ಲಿ ಅವರಿಗೆ ಎಲ್ಲ ತಿಳಿದುಹೋಗಿತ್ತು ಎಂದೇ ನನಗೆ ಅನಿಸುತ್ತದೆ. "ಸಣ್ಣ ಸಾವಕಾರ್ರು ನೋಡ್ಯಾರ. ಹೇಳ್ರಿ... ನೀವ ನೀರು ಹಾಕತಿದ್ರಲ್ಲ."

ಮಾವ ನನ್ನನ್ನು ನೋಡಿದರು. "ಖರೇ ಏನೋ?"

ತೋಟದ ಮನೆಯೊಳಗಿಂದ ಆಯಿ ನರಳುವುದು ಕೇಳುತ್ತಿತ್ತು. ಬಾಗಿಲ ಹಿಂದೆ ಮಾವನ ಮಗಳು ನಿಂತಿದ್ದಳು.

"ಕೈ ಒತ್ತೂದು ನಾ ಎಂದೂ ನೋಡಿಲ್ರಿ ಮಾವಾರ" ಎಂದೆ.

ಒಂದು ಕಲ್ಲು, ಒಂದೇ ಒಂದು ಕಲ್ಲನ್ನು ತಿರುವಿ ಹಾಕಿದ್ದರೆ ಸಾಕಿತ್ತು. ಹಮಾಲರು ಮುಂದೆ ಬಂದು ಕಾಕಾನನ್ನು ದೂಡಿದರು. ಒಬ್ಬನು ಹೊಡೆದ. ಸಕ್ಕರೆಯ ಗಂಟು ಬಿಚ್ಚಿ ಎರೆಮಣ್ಣಿನಲ್ಲಿ ಚೆಲ್ಲಿತು. ಅವರು ಬಗ್ಗಿ ಆರಿಸತೊಡಗಿದರು. ಓದಿಸಿದ ಸಕ್ಕರೆಯನ್ನು ಕಾಲ ಕೆಳಗೆ ಬಿಡಬಾರದಲ್ಲ! ಬಗ್ಗಿದವರನ್ನು ಮತ್ತೆ ದೂಡಿದರು...

ಮಾವ ಪೊಲೀಸರಿಗೆ ಹೇಳಲಿಲ್ಲ. ಪೇಟೆಯಲ್ಲಿ ಒಂದು ಮಾತು ಹೇಳಿದರು: "ಅವನ ಕೈಲೆ ಒಂದು ಇಟ್ಟಂಗಿನೂ ಇಡಸಬ್ಯಾಡ್ರಿ." ಹುಬ್ಬಳ್ಳಿಯಲ್ಲಿ ಹತ್ತಿಯ ಸಾವಕಾರರ ಮಾತೆಂದರೆ ಅಷ್ಟೇ ಸಾಕು.

ಆಯಿ ಹಾಸಿಗೆ ಬಿಟ್ಟು ಏಳಲಿಲ್ಲ. ದಸರೆಯ ಬನ್ನಿ ಹಬ್ಬದ ಹೊತ್ತಿಗೆ ಮೈಯೆಲ್ಲ ಹುಣ್ಣಾಗಿತ್ತು. ಒಂದು ಸಂಜೆ ನನ್ನ ಕೈ ಹಿಡಿದು ಕೇಳಿದಳು: "ಗೌಂಡಿ ಸಕ್ರಿ ತಂದನೇನೋ?"

"ಇಲ್ಲ ಆಯಿ. ಅಂವ ಬರಲೇ ಇಲ್ಲ."

"ತರತಾನ ತಗೋ. ಮರಿಯಾಂವಲ್ಲ ಅಂವ" ಎಂದು ಬಾಗಿಲ ಕಡೆ ಮುಖ ತಿರುಗಿಸಿದಳು. ನಾನು ಹೇಳಿದ ಸುಳ್ಳುಗಳಲ್ಲಿ ಯಾವುದಕ್ಕೆ ಕ್ಷಮೆ ಇಲ್ಲ ಎಂದು ಕೇಳಿದರೆ, ತೋಟದಲ್ಲಿ ಹೇಳಿದ್ದಲ್ಲ, ಇದು. ಸಾಯುವವಳ ಬಾಯಿಗೆ ಹೋಗಬೇಕಾಗಿದ್ದ ಚಿಟಿಕೆ ಸಕ್ಕರೆಯನ್ನೂ ನಾನು ತಡೆದೆ.

ಮುಂದಿನ ವರ್ಷ ನನ್ನ ಮದುವೆಯಾಯಿತು. ಹೊಸ ಹೆಂಡತಿಯನ್ನು ಕರೆದುಕೊಂಡು ಚಕ್ಕಡಿಯಲ್ಲಿ ಧಾರವಾಡಕ್ಕೆ ಹೊರಟಿದ್ದೆ. ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದಲ್ಲಿ, ರಸ್ತೆಯ ಬದಿಗೆ ಖಡಿ ಒಡೆಯುವವರು ಸಾಲಾಗಿ ಕುಳಿತಿದ್ದರು. ಒಬ್ಬರು ಎದ್ದು ಬಂದರು. ಕಲ್ಲಿನ ಚೂರು ಸಿಡಿದು ಒಂದು ಕಣ್ಣು ಬಿಳಿಚಿತ್ತು. ಸಲಾಮು ಮಾಡಿದರು.

"ಲಗ್ನ ಆತಂತ ಕೇಳಿದ್ನಿ. ಛಲೋ ಆತ್ರಿ ಸಣ್ಣ ಸಾವಕಾರ್ರ." ಅವರು ಸುತ್ತಿಗೆ ಹಿಡಿದ ಕೈಯನ್ನು ಸ್ವಲ್ಪ ಎತ್ತಿ ತೋರಿಸಿದರು. "ಈಗ ಕಲ್ಲು ಒಡ್ಯಾಕತ್ತೇನ್ರಿ. ಇವಕ್ಕ ಕೈ ಒತ್ತೂದು ಬೇಕಾಗಿಲ್ಲ."

ಗಾಡಿ ಮುಂದೆ ಹೋದ ಮೇಲೆ ಹೆಂಡತಿ ಕೇಳಿದಳು: "ಯಾರ್ರಿ ಅಂವ? ಏನಂದಾ?" ಬಾಗಿಲ ಹಿಂದಿನಿಂದ ಒಮ್ಮೆ ನೋಡಿದ್ದವರ ಗುರುತು ಅವಳಿಗೆ ಸಿಕ್ಕಿರಲಿಲ್ಲ.

"ಯಾರೋ ಹುಚ್ಚ" ಎಂದೆ.

ಮತ್ತೆ ನಾನು ಅವರನ್ನು ನೋಡಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಹೆಬ್ಬಳ್ಳಿಯ ಕಡೆಯ ಗಾಡಿಯವನೊಬ್ಬ, ಜ್ವರದಲ್ಲಿ ಹೋದರು ಎಂದ. ಹೆಂಡತಿ ಮಕ್ಕಳು ಎತ್ತಲೋ ಗುಳೆ ಹೋಗಿದ್ದರಂತೆ. ಎತ್ತ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೋಗಬೇಕಾಗುತ್ತಿತ್ತು.

ನಮ್ಮ ಮನೆಯಲ್ಲಿ ವರ್ಷವರ್ಷವೂ ಆಯಿಯ ಹೆಸರಲ್ಲಿ ಜಂಗಮರಿಗೆ ಊಟ ಹಾಕುತ್ತಿದ್ದೆವು. ಬಡಿಸುವಾಗ ಹೆಂಡತಿ ತಪ್ಪದೆ ಶಪಿಸುತ್ತಿದ್ದಳು: "ಆ ಗೌಂಡಿ ಕೈ ಸೇದಿಹೋಗಲಿ, ನನ್ನ ಮುತ್ತಿನಂಥ ಆಯೀನ್ನ ತಿಂದಾ." ನಾನು ತಲೆ ಬಗ್ಗಿಸಿ ಹೋಳಿಗೆ ಮುರಿಯುತ್ತಿದ್ದೆ. ಅವಳೊಡನೆ ಒಳ್ಳೆಯ ಸಂಸಾರವನ್ನೇ ಮಾಡಿದೆ. ಮಕ್ಕಳಾದರು. ಆ ಶಾಪದೊಡನೆಯೇ ಅವಳು ಹೋದಳು. ಅದು ಸಲ್ಲಬೇಕಾದವನು ತನ್ನ ಪಕ್ಕದಲ್ಲೇ ಉಂಡು ಮಲಗಿದ್ದನೆಂದು ಅವಳಿಗೆ ಗೊತ್ತಾಗಲೇ ಇಲ್ಲ.

ಹೋದ ತಿಂಗಳು ಪಕ್ಕದ ಮನೆಯಿಂದ ಆ ಒದ್ದೆ ಗೋಣಿಯ ವಾಸನೆ ಎದ್ದು ನಾಲ್ಕೈದು ದಿನಗಳಾದ ಮೇಲೆ, ಯಾರಿಗೂ ಹೇಳದೆ ಒಂದು ಆಟೋ ಮಾಡಿಕೊಂಡು ಬೆಂಗೇರಿಗೆ ಹೋದೆ. ತೋಟ ಎಂದೋ ಪ್ಲಾಟುಗಳಾಗಿ ಹೋಗಿದೆ. ಕೊಳವಿದ್ದ ಕಡೆ ಸಣ್ಣ ಸಣ್ಣ ಮನೆಗಳು. ಒಂದು ಮನೆಯ ಮುಂದೆ ಗಟಾರ ದಾಟಲು ಕಲ್ಲೊಂದನ್ನು ಹಾಕಿಕೊಂಡಿದ್ದರು. ಗೋಣಿಯ ಸುಕ್ಕು ನೋಡಿದ ಕೂಡಲೇ ಗುರುತು ಹಿಡಿದೆ. ಇಷ್ಟು ವರ್ಷದ ಕಾಲುಗಳಿಗೂ ಅದು ಸವೆದಿರಲಿಲ್ಲ.

ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಹೆಣ್ಣುಮಗಳಿಗೆ, ಅದನ್ನು ಒಮ್ಮೆ ತಿರುವಿ ತೋರಿಸಲು ಸಾಧ್ಯವೇ ಎಂದು ಕೇಳಿದೆ.

"ಅದರ ಬುಡಕ್ಕೇನ ಹೂತಿಟ್ಟೀರಿ ಅಜ್ಜಾರ? ಬಂಗಾರ ಸಿಕ್ಕರ ನಮಗೂ ಪಾಲು ಕೊಡಬೇಕ್ರಿ ಮತ್ತ" ಎಂದು ನಕ್ಕು, ಗಂಡನನ್ನು ಕರೆದಳು. ಅವನು ಹಾರೆ ಹಾಕಿ ಎಬ್ಬಿಸಿದ. ಕೆಸರು ಮೆತ್ತಿತ್ತು. ಅವಳೇ ಒಂದು ಚರಿಗೆ ನೀರು ತಂದು ಹಾಕಿದಳು.

ಕೈ ಮೂಡಿತು. ಐದೂ ಬೆರಳು, ಅಂಗೈಯ ಗೆರೆ ಕೂಡ.

"ಅಯ್ಯ, ಇಷ್ಟು ದಿನಾ ಇದರ ಮ್ಯಾಲೆ ಓಡ್ಯಾಡಾಕತ್ತೇವಿ, ನಮಗ ಗೊತ್ತ ಇಲ್ಲ ನೋಡ್ರಿ! ಯಾರ ಕೈರಿ ಅದು ಅಜ್ಜಾರ? ನಿಮಗ ಬೇಕಾದವರದೇನು?"

ಹೇಳಲು ಬಾಯಿ ತೆರೆದೆ. ಅವರು ಯಾರೋ ಏನೋ, ನನ್ನ ಮಾವ ಅಲ್ಲ, ಹೆಂಡತಿ ಅಲ್ಲ. ಹೇಳಿದ್ದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಆದರೂ ಮಾತು ಬರಲಿಲ್ಲ. ಗಂಡ ಹಾರೆ ಎತ್ತಿಕೊಂಡು ಕೇಳಿದ:

"ಹೆಂಗ ಹಾಕಲ್ರಿ? ಕೈ ಮ್ಯಾಲೆ ಬರೂ ಹಂಗ?"

ಅವಳು ಕೂಡಲೇ ಬೈದಳು. "ಏ, ಯಾರದೋ ಕೈ, ಅದರ ಮ್ಯಾಲೆ ಕಾಲಿಡತಾರೇನು? ಮೊದಲಿನಂಗ ಹಾಕ್ರಿ."

ಕಲ್ಲು ಉರುಳಿತು. ಆ ಕೈ ಮತ್ತೆ ಕೆಸರಿಗೆ ಮುಖ ಮಾಡಿತು. ನಾನು ಅಂದು ತೋಟದಲ್ಲಿ ನಿಂತಿದ್ದ ಹಾಗೆಯೇ, ಬಾಯಿ ಮುಚ್ಚಿಕೊಂಡು ನಿಂತಿದ್ದೆ.